ಓಡಿದರೆ ಮಾತ್ರ ಇಳಿಯುವ ಗಾಳಿ: ಕೋಣನಕುಂಟೆ ಕ್ರಾಸಿನ ಒಂದು ಪಂಕ್ಚರ್ ಅಂಗಡಿ

“ಗಾಳಿ ಯಾವಾಗ ಇಳಿಯುತ್ತದೆ ಅಮ್ಮಾ, ನಿಂತಾಗಲೋ, ಓಡುವಾಗಲೋ?”

ಹಾಗೆ ಕೇಳಿದ್ದು ಅಂಗಡಿಯ ಯಜಮಾನರು. ಇವರಿಗಿಂತ ಮುಂಚೆ ಮೂರು ಕಡೆ ಕಾರು ತೋರಿಸಿದ್ದೆ. ಮೂವರಲ್ಲಿ ಒಬ್ಬರೂ ಈ ಮಾತು ಕೇಳಿರಲಿಲ್ಲ. “ಎಷ್ಟು ಹಾಕಲಿ?” ಎಂದಷ್ಟೇ ಕೇಳಿದ್ದರು. ಕನಕಪುರ ರಸ್ತೆಯಲ್ಲಿ, ಕೋಣನಕುಂಟೆ ಕ್ರಾಸ್ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಒಂದು ಅಡ್ಡರಸ್ತೆಯಲ್ಲಿರುವ ಈ ಪಂಕ್ಚರ್ ಅಂಗಡಿಯ ಬಗ್ಗೆ ಬರೆಯಲೇಬೇಕು ಅನ್ನಿಸಿದ್ದು ಆ ಒಂದು ಪ್ರಶ್ನೆಯಿಂದ. ಅಂಗಡಿಗೆ ಹೆಸರಿನ ಫಲಕವಿಲ್ಲ. ಬೇವಿನ ಮರದ ಕೊಂಬೆಗೆ ಹಳೆಯ ಟೈರೊಂದನ್ನು ತೂಗುಹಾಕಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ‘ಪಂಕ್ಚರ್’ ಎಂದು ಬರೆದಿದ್ದಾರೆ.

ನಾನು ಮಲ್ಲೇಶ್ವರದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಸೋಮವಾರದಿಂದ ಶುಕ್ರವಾರದವರೆಗೆ ಹಸಿರು ಮಾರ್ಗದ ಮೆಟ್ರೊದಲ್ಲೇ ಸಂಪಿಗೆ ರಸ್ತೆಗೆ ಹೋಗಿ ಬರುವುದರಿಂದ ಕಾರು ಮನೆಯ ಕೆಳಗೆ ನಿಂತಿರುತ್ತದೆ. ಶನಿವಾರ ಬೆಳಿಗ್ಗೆ ಮಾತ್ರ ಅದು ಹೊರಗೆ ಬರುತ್ತದೆ. ಸಾತನೂರಿನ ಹತ್ತಿರ ನಮ್ಮ ಊರು. ಅಪ್ಪ, ಅಮ್ಮ, ತಮ್ಮನ ಸಂಸಾರ, ಎರಡು ಎಕರೆ ಹಿಪ್ಪುನೇರಳೆ ತೋಟ ಎಲ್ಲವೂ ಅಲ್ಲಿವೆ. ಹೋಗಿ ಬರಲು ನೂರ ಇಪ್ಪತ್ತು ಕಿಲೋಮೀಟರಿಗೆ ಹತ್ತಿರ. ಅಪ್ಪನಿಗೆ ಎಂಬತ್ತೊಂದು ವರ್ಷ. ಭಾನುವಾರ ಸಂಜೆ ನಾನು ಹೊರಟ ಮೇಲೆ ಬೆಂಗಳೂರು ತಲುಪಿದೆ ಎಂದು ಫೋನ್ ಮಾಡುವವರೆಗೆ ಊಟಕ್ಕೆ ಕೂರುವುದಿಲ್ಲ. ಹಾರೋಹಳ್ಳಿ ದಾಟಿದ ಮೇಲೆ ಕತ್ತಲಲ್ಲಿ ಒಂಟಿಯಾಗಿ ಚಕ್ರ ಬದಲಾಯಿಸುತ್ತಾ ನಿಲ್ಲುವ ಯೋಚನೆ ನನಗೆ ಸಣ್ಣದಲ್ಲ.

ತೊಂದರೆ ಎಡಗಡೆಯ ಹಿಂದಿನ ಚಕ್ರದ್ದು. ಪ್ರತಿ ಶನಿವಾರ ಹೊರಡುವ ಮುಂಚೆ ನೋಡಿದರೆ ಗಾಳಿಯ ಒತ್ತಡ ಉಳಿದ ಮೂರರಲ್ಲಿ 32 ಪಿಎಸ್‌ಐ, ಇದರಲ್ಲಿ 28. ಟ್ಯೂಬ್‌ಲೆಸ್ ಟೈರಿನಲ್ಲಿ ರಬ್ಬರಿನ ಮೂಲಕವೇ ತಿಂಗಳಿಗೆ ಒಂದೆರಡು ಪಿಎಸ್‌ಐ ಹೋಗುವುದು ಸಹಜ. ವಾರಕ್ಕೆ ನಾಲ್ಕು ಸಹಜವಲ್ಲ. ಹಾಗೆಂದು ಬೆಳಿಗ್ಗೆ ಎದ್ದರೆ ನೆಲಕ್ಕೆ ಕುಳಿತಿರುವ ಪಂಕ್ಚರ್ ಕೂಡ ಇದಲ್ಲ. ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ, ಅಳತೆಯಲ್ಲಿ ಮಾತ್ರ ಸಿಕ್ಕುವ ಸೋರಿಕೆ.

ಮೊದಲು ಹೋದದ್ದು ಪೆಟ್ರೋಲ್ ಬಂಕಿಗೆ. ಅಲ್ಲಿ ಗಾಳಿಗೆ ದುಡ್ಡು ಕೇಳುವಂತಿಲ್ಲ, ಕೇಳಲೂ ಇಲ್ಲ. ಆದರೆ ಆ ಯಂತ್ರ 32 ಎಂದು ತೋರಿಸಿದ್ದು ಮನೆಯಲ್ಲಿ ನನ್ನ ಮಾಪಕ ಹಿಡಿದರೆ 30 ಆಗುತ್ತಿತ್ತು. ಕಾಲೇಜಿನ ಪ್ರಯೋಗಾಲಯದ ಮಾಪಕದ ಜೊತೆ ನನ್ನದನ್ನು ಹೋಲಿಸಿ ನೋಡಿದ ಮೇಲೆ ಬಂಕಿನದರ ಮೇಲಿನ ನಂಬಿಕೆ ಹೋಯಿತು. ಅಂದಿನಿಂದ ಒಂದು ನೋಟ್‌ಪುಸ್ತಕ ಇಟ್ಟುಕೊಂಡು ಶನಿವಾರ ಬೆಳಿಗ್ಗೆ ಒಮ್ಮೆ, ಭಾನುವಾರ ರಾತ್ರಿ ಮನೆಗೆ ಬಂದ ಕೂಡಲೇ ಒಮ್ಮೆ ನಾಲ್ಕೂ ಚಕ್ರಗಳ ಒತ್ತಡ ಬರೆದಿಡತೊಡಗಿದೆ.

ಎರಡನೆಯದು ಊರಿನಿಂದ ಬರುವ ದಾರಿಯಲ್ಲಿ ಸಿಕ್ಕ ಒಂದು ಪಂಕ್ಚರ್ ಅಂಗಡಿ. ಅಲ್ಲಿನ ಹುಡುಗ ಟೈರಿನ ಮೇಲೆ ಕೈಯಾಡಿಸಿ ಒಂದು ಮೊಳೆ ಹುಡುಕಿ ತೋರಿಸಿದ. ಮೊಳೆ ನಿಜವೇ. ಬೆಳ್ಳಂದೂರಿನ ಕಡೆ ಹೊರವರ್ತುಲ ರಸ್ತೆಯಲ್ಲಿ ಎಂಜಿನಿಯರ್ ಒಬ್ಬರು ಅಯಸ್ಕಾಂತ ಹಿಡಿದು ಕಿಲೋಗಟ್ಟಲೆ ಮೊಳೆ ಹೆಕ್ಕಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದೆನಾದ್ದರಿಂದ, ಸರಿ, ನಮಗೂ ಒಂದು ಸಿಕ್ಕಿತು ಎಂದುಕೊಂಡೆ. ಅವನು ಮೊಳೆ ಕಿತ್ತ. ಸುಯ್ ಎಂಬ ಸದ್ದು ಬರಲಿಲ್ಲ. ಆ ಜಾಗಕ್ಕೆ ಒಂದು ಹನಿ ನೀರು ಬಿಟ್ಟಿದ್ದರೂ ತಿಳಿಯುತ್ತಿತ್ತು, ಮೊಳೆ ಒಳಗಿನವರೆಗೆ ಹೋಗಿರಲೇ ಇಲ್ಲ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಅರದಂಥ ಸೂಜಿಯನ್ನು ತಿರುವಿ ತಿರುವಿ ಒಳಗೆ ಚುಚ್ಚಿ, ರಬ್ಬರ್ ಬತ್ತಿ ತುರುಕಿ, ತುದಿ ಕತ್ತರಿಸಿ ಕೈ ತೊಳೆದುಕೊಂಡ. ತೂತಿಲ್ಲದ ಟೈರಿಗೆ ತೂತು ಮಾಡಿ ಮುಚ್ಚಿದ್ದಕ್ಕೆ ನೂರೈವತ್ತು ರೂಪಾಯಿ ಕೊಟ್ಟೆ. ಮುಂದಿನ ಶನಿವಾರ ಮತ್ತೆ 28. ಆ ಸಿಟ್ಟು ನನಗಿನ್ನೂ ಆರಿಲ್ಲ.

ಮೂರನೆಯದು ದೊಡ್ಡ ಮಳಿಗೆ. ತಂಪು ಕೋಣೆ, ಕಾಫಿ, ಗೋಡೆಯ ತುಂಬ ಹೊಸ ಟೈರು. ಚಕ್ರವನ್ನು ಬಿಚ್ಚದೆ, ಪ್ಲಾಸ್ಟಿಕ್ ವೀಲ್ ಕ್ಯಾಪನ್ನೂ ತೆಗೆಯದೆ, ಟೈರಿನ ಮೇಲೆ ಸೋಪಿನ ನೀರು ಚಿಮುಕಿಸಿ “ಏನೂ ಇಲ್ಲ ಮೇಡಂ” ಎಂದರು. ನೈಟ್ರೋಜನ್ ತುಂಬಿಸಿದರೆ ಇಳಿಯುವುದಿಲ್ಲವೆಂದು ನಾಲ್ಕಕ್ಕೂ ತುಂಬಿಸಿದರು. ನಾವು ಉಸಿರಾಡುವ ಗಾಳಿಯಲ್ಲೇ ನೈಟ್ರೋಜನ್ ನೂರಕ್ಕೆ 78 ಭಾಗವಿದೆ. ರಬ್ಬರಿನ ಮೂಲಕ ಅದು ಸ್ವಲ್ಪ ನಿಧಾನವಾಗಿ ಹೋಗುವುದೂ ನಿಜ. ಬಿರುಕಿದ್ದರೆ ಅದಕ್ಕೆ ಎರಡೂ ಒಂದೇ. ಆಮೇಲೆ ಹಿಂದಿನ ಎರಡು ಟೈರು ಬದಲಾಯಿಸಿಬಿಡಿ, ಹಳೆಯವಾಗಿವೆ ಎಂದರು. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ತೋರಿಸಿದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರು ವರ್ಷವೂ ತುಂಬಿರಲಿಲ್ಲ, ಟೈರಿನ ಗೀರುಗಳೂ ಸವೆಯದೆ ಚೆನ್ನಾಗಿ ಆಳವಾಗಿದ್ದವು. ಅವರು ಆ ವಿಷಯ ಬಿಟ್ಟು, ಚಕ್ರಗಳ ದಿಕ್ಕು ನೇರ ಮಾಡುವ ಅಲೈನ್‌ಮೆಂಟ್ ಮಾತೆತ್ತಿದರು. ಎದ್ದು ಬಂದೆ. ಊರಿನಲ್ಲಿ ತಮ್ಮನೂ, “ಒಂಬತ್ತು ಸಾವಿರಕ್ಕೆ ಏಕೆ ಯೋಚಿಸುತ್ತೀಯ ಅಕ್ಕ, ಹಾಕಿಸಿಬಿಡು,” ಎಂದ. ದುಡ್ಡಿನ ಪ್ರಶ್ನೆಯಲ್ಲ. ಕಾರಣ ತಿಳಿಯದೆ ಟೈರು ಬದಲಾಯಿಸಿದರೆ ಆ ಕಾರಣ ಕಾರಿನಲ್ಲೇ ಉಳಿದಿರುತ್ತದಲ್ಲ.

ಕೋಣನಕುಂಟೆಯ ಯಜಮಾನರ ಬಳಿ ಹೋದದ್ದು ನಮ್ಮ ಬೀದಿಯ ಹಾಲಿನವರು ಹೇಳಿದ್ದರಿಂದ. ಅರವತ್ತರ ಆಸುಪಾಸಿನವರು, ಮದ್ದೂರಿನ ಕಡೆಯವರು. ಒಂದು ಕಂಪ್ರೆಸರ್, ಉದ್ದುದ್ದಕ್ಕೆ ಸೀಳಿದ ಡ್ರಮ್ಮಿನ ತೊಟ್ಟಿ, ಟೈರು ಬಿಚ್ಚುವ ಒಂದು ಹಳೆಯ ಯಂತ್ರ, ಎರಡು ಜಾಕಿ. ಇಷ್ಟೇ ಅಂಗಡಿ.

ನಿಂತಾಗಲೋ ಓಡುವಾಗಲೋ ಎಂದು ಅವರು ಕೇಳಿದಾಗ ನಾನು ಥಟ್ಟನೆ “ನಿಂತಾಗ” ಎಂದೆ. ಭಾನುವಾರ ರಾತ್ರಿ 31 ಇದ್ದದ್ದು ಶನಿವಾರ 28 ಆಗಿರುತ್ತದೆ, ನಡುವೆ ಕಾರು ಕದಲಿರುವುದಿಲ್ಲ ಎಂದು ನೋಟ್‌ಪುಸ್ತಕ ಬಿಡಿಸಿ ತೋರಿಸಿದೆ.

ಅವರು ಕನ್ನಡಕ ಏರಿಸಿಕೊಂಡು ಪುಟದ ಮೇಲೆ ಬೆರಳಿಟ್ಟರು. “ಭಾನುವಾರ ರಾತ್ರಿ ಮಿಕ್ಕ ಮೂರು ಎಷ್ಟು ತೋರಿಸಿವೆ?”

“ಮೂವತ್ತೈದು.”

“ಶನಿವಾರ?”

“ಮೂವತ್ತೆರಡು.”

“ಅವೂ ಮೂರು ಇಳಿದವು, ಇದೂ ಮೂರು ಇಳಿಯಿತು. ಅದು ಬಿಸಿ ಇಳಿದದ್ದು ಅಮ್ಮಾ, ಗಾಳಿ ಇಳಿದದ್ದಲ್ಲ. ಗಾಳಿ ಹೋಗಿರುವುದು ದಾರಿಯಲ್ಲೇ.”

ಓಡಿದ ಟೈರು ಬಿಸಿಯಾಗಿ ಒಳಗಿನ ಒತ್ತಡ ಏರುತ್ತದೆ ಎಂಬುದನ್ನು ನಾನು ವರ್ಷಕ್ಕೆ ನಾಲ್ಕು ಸೆಕ್ಷನ್‌ಗಳಿಗೆ ಪಾಠ ಮಾಡುತ್ತೇನೆ. ಉಳಿದ ಮೂರು 35ಕ್ಕೆ ಏರಿದ್ದಾಗ ಇದು 31ರಲ್ಲೇ ನಿಂತಿದ್ದರೆ, ಮನೆಗೆ ಬರುವ ಹೊತ್ತಿಗೇ ನಾಲ್ಕು ಪಿಎಸ್‌ಐ ಕಳೆದುಹೋಗಿತ್ತು ಎಂದರ್ಥ. ಅದನ್ನು ಬಿಸಿ ಮುಚ್ಚಿಟ್ಟಿತ್ತು. ಆರು ವಾರಗಳಿಂದ ಉತ್ತರ ನನ್ನದೇ ಕೈಬರಹದಲ್ಲಿ ಆ ಪುಟದಲ್ಲಿತ್ತು. ನಾನು ಎಡ ಹಿಂದಿನ ಚಕ್ರದ ಸಾಲನ್ನು ಮಾತ್ರ ಓದುತ್ತಿದ್ದೆ, ಅವರು ನಾಲ್ಕೂ ಸಾಲುಗಳನ್ನು ಒಟ್ಟಿಗೆ ಓದಿದರು.

ಜಾಕಿ ಹಾಕುವಾಗ ಮಾತ್ರ ಒಂದು ಕೊರತೆ ಕಂಡಿತು. ರಸ್ತೆ ಸ್ವಲ್ಪ ಇಳಿಜಾರಾಗಿದ್ದರೂ ಮುಂದಿನ ಚಕ್ರಕ್ಕೆ ಕಲ್ಲು ಕೊಡದೆ ಎತ್ತಲು ಹೊರಟಿದ್ದರು. ನಾನು ಹೇಳಿದ ಮೇಲೆ ಎರಡು ಕಲ್ಲು ತಂದಿಟ್ಟರು. ನೀವು ಹೋದರೆ ನೀವೂ ಹೇಳಿ.

ವೀಲ್ ಕ್ಯಾಪ್ ತೆಗೆದು, ಚಕ್ರ ಬಿಚ್ಚಿ, ಮೊದಲು ಗಾಳಿ ತುಂಬುವ ವಾಲ್ವಿನ ಬಾಯಿಗೆ ಒಂದು ಹನಿ ನೀರು ಬಿಟ್ಟರು. ಗುಳ್ಳೆ ಏಳಲಿಲ್ಲ. ಒಳಗಿನ ಪಿನ್ ಸರಿಯಿದೆ ಎಂದರು. ಆಮೇಲೆ 40ರವರೆಗೆ ಗಾಳಿ ತುಂಬಿ ಚಕ್ರವನ್ನು ತೊಟ್ಟಿಗೆ ಇಳಿಸಿದರು. ಅಲುಗಿದ ನೀರು ತಿಳಿಯಾಗುವವರೆಗೆ ಕೈಕಟ್ಟಿ ಕಾದರು. ಅಷ್ಟಷ್ಟೇ ತಿರುಗಿಸಿ ಮತ್ತೆ ಕಾದರು. ಬತ್ತಿ ಹಾಕಿದ ಜಾಗದಲ್ಲಿ ಏನೂ ಇಲ್ಲ. ರಿಮ್ಮಿನ ಹೊರ ಅಂಚು, ಒಳ ಅಂಚು ಎರಡನ್ನೂ ಬೆರಳಿನಿಂದ ಸವರಿ ನೋಡಿದರು. ಗುಂಡಿಗೆ ಬಿದ್ದು ಬಾಗಿದ ರಿಮ್ಮು, ಅಂಚಿನಲ್ಲಿ ತುಕ್ಕು ಹಿಡಿದ ರಿಮ್ಮು, ನಿಧಾನ ಸೋರಿಕೆಗೆ ನಮ್ಮ ಬೆಂಗಳೂರಿನಲ್ಲಿ ಇವೇ ಹೆಚ್ಚು ಎಂದರು. ಅಲ್ಲೂ ಏನೂ ಇಲ್ಲ.

ಕೊನೆಗೆ ವಾಲ್ವು ನೀರಿನೊಳಗೆ ಇರುವಂತೆ ಚಕ್ರ ನಿಲ್ಲಿಸಿ, ಹೆಬ್ಬೆರಳಿನಿಂದ ಅದರ ರಬ್ಬರ್ ಕತ್ತನ್ನು ರಿಮ್ಮಿನ ಅಂಚಿನ ಕಡೆಗೆ ಮೆಲ್ಲಗೆ ಬಾಗಿಸಿದರು. ಬುಡದಲ್ಲಿ, ಚಕ್ರದ ನಡುವಿಗೆ ಮುಖ ಮಾಡಿದ ಬದಿಯಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ದಾರ ಎಳೆದ ಹಾಗೆ ಒಂದರ ಹಿಂದೆ ಒಂದು ಎದ್ದವು. ಬೆರಳು ಬಿಟ್ಟರೆ ನಿಂತವು. ಬಾಗಿಸಿದರೆ ಎದ್ದವು. ನಾನು ಕೇಳಿದೆನೆಂದು ಐದಾರು ಸಲ ಮಾಡಿ ತೋರಿಸಿದರು. ನೀರಿನಿಂದ ಎತ್ತಿ ಕತ್ತನ್ನು ಬಾಗಿಸಿ ಹಿಡಿದಾಗ ಕಂಡದ್ದು ಉಗುರಿನ ಗೀರಿನಷ್ಟೇ ಉದ್ದದ ಬಿರುಕು. ನೆಟ್ಟಗೆ ನಿಂತಾಗ ರಬ್ಬರ್ ಅದರ ತುಟಿಗಳನ್ನು ಮುಚ್ಚಿಬಿಡುತ್ತಿತ್ತು.

“ವಾಲ್ವಿಗೆ ಈ ಮುಚ್ಚಳ ಯಾರು ಹಾಕಿದ್ದು?” ಎಂದರು. ಮಗ ಹುಟ್ಟುಹಬ್ಬಕ್ಕೆ ತಂದುಕೊಟ್ಟಿದ್ದ ಹೊಳೆಯುವ ಹಿತ್ತಾಳೆ ಮುಚ್ಚಳಗಳು. “ಭಾರ. ಓಡುವಾಗ ಕತ್ತು ಎಳೆಯುತ್ತದೆ,” ಎಂದು ಕೈಗೆ ಕೊಟ್ಟರು.

ಮರುದಿನ ಕಾಲೇಜಿನ ತಕ್ಕಡಿಯಲ್ಲಿ ಒಂದನ್ನು ತೂಗಿದೆ: ಐದು ಗ್ರಾಂ. ನನ್ನ ಕಾರಿನ ಟೈರಿನ ತ್ರಿಜ್ಯ 29 ಸೆಂಟಿಮೀಟರ್, ಅಚ್ಚಿನ ನಡುವಿನಿಂದ ವಾಲ್ವಿನ ತುದಿ ಸುಮಾರು 16 ಸೆಂಟಿಮೀಟರ್ ದೂರ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಲೆಕ್ಕ ಹಾಕಿದರೆ ಆ ತುದಿಯನ್ನು ಹೊರಕ್ಕೆ ಎಳೆಯುವುದು ಗುರುತ್ವದ ತೊಂಬತ್ತು ಪಟ್ಟಿಗೂ ಮೀರಿದ ಎಳೆತ. ಐದು ಗ್ರಾಂ ಮುಚ್ಚಳ ಆಗ ಅರ್ಧ ಕಿಲೋಗೆ ಹತ್ತಿರದ ಬಟ್ಟಿನಂತೆ ರಬ್ಬರಿನ ಕತ್ತಿಗೆ ಜೋತುಬೀಳುತ್ತದೆ. ವೇಗ ಅರ್ಧವಾದರೆ ಈ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನಿಧಾನವಾಗಿ ಓಡಿದರೆ ಅಷ್ಟಾಗಿ ಇಳಿಯದ ಗಾಳಿ ಸಾತನೂರಿನ ದಾರಿಯಲ್ಲಿ ಇಳಿಯುತ್ತಿತ್ತು. ಯಜಮಾನರು ಹೆಬ್ಬೆರಳಿನಿಂದ ಮಾಡಿದ್ದು ದಾರಿಯಲ್ಲಿ ಆಗುತ್ತಿದ್ದದ್ದನ್ನೇ, ಅದೇ ದಿಕ್ಕಿಗೆ. ಈ ವರ್ಷ ವೃತ್ತೀಯ ಚಲನೆಯ ಪಾಠಕ್ಕೆ ಆ ಮುಚ್ಚಳವನ್ನೇ ತರಗತಿಗೆ ಒಯ್ಯಲಿದ್ದೇನೆ.

ಟೈರು ಬದಲಾಯಿಸಿದಾಗಲೆಲ್ಲ ವಾಲ್ವನ್ನೂ ಬದಲಾಯಿಸಬೇಕು, ಹಾಗೆ ಮಾಡಿಲ್ಲವೆಂದು ಕಾಣುತ್ತದೆ ಎಂದರು ಯಜಮಾನರು. ಈ ಟೈರುಗಳನ್ನು ಹಾಕಿಸಿದ ಅಂಗಡಿಯ ಬಿಲ್ಲು ನನ್ನ ಬಳಿ ಇದೆ. ಅದರಲ್ಲಿ ‘ವಾಲ್ವ್ 4’ ಎಂದು ದುಡ್ಡು ಹಿಡಿದಿದ್ದಾರೆ. ಚಕ್ರದಲ್ಲಿದ್ದ ರಬ್ಬರ್ ಮಾತ್ರ ಒಣಗಿದ ನೆಲ್ಲಿಕಾಯಿಯಂತೆ ಸುಕ್ಕುಗಟ್ಟಿತ್ತು. ನೀವು ಹೊಸ ಟೈರು ಹಾಕಿಸುವಾಗ ಹಳೆಯ ನಾಲ್ಕು ವಾಲ್ವುಗಳನ್ನು ಕೇಳಿ ಕೈಗೆ ತೆಗೆದುಕೊಳ್ಳಿ. ಮುಜುಗರ ಬೇಡ.

ವಾಲ್ವಿಗಷ್ಟೇ ಆದರೆ ಟೈರಿನ ಒಂದು ಬದಿಯ ಅಂಚು ಬಿಡಿಸಿದರೆ ಸಾಕಿತ್ತು. ನಾನೇ ಆ ಬತ್ತಿಯ ಕಥೆ ಹೇಳಿ, ಒಳಗಿನಿಂದ ಸರಿಯಾಗಿ ಪ್ಯಾಚ್ ಹಾಕಿಕೊಡಿ ಎಂದೆ. ಹೊರಗಿನಿಂದ ತುರುಕಿದ ಬತ್ತಿ ದಾರಿಖರ್ಚಿನಂತೆ, ಸದ್ಯಕ್ಕೆ ಆಗುತ್ತದೆ. ತೂತು ನೆಲಕ್ಕೆ ತಾಗುವ ಭಾಗದಲ್ಲಿದ್ದು ಆರು ಮಿಲಿಮೀಟರಿಗಿಂತ ಸಣ್ಣದಾಗಿದ್ದರೆ, ಕಾಂಡವಿರುವ ಅಣಬೆ ಪ್ಯಾಚನ್ನು ಒಳಗಿನಿಂದ ಎಳೆದು ಕೂರಿಸುವುದು ಸರಿಯಾದ ದುರಸ್ತಿ. ಬದಿಯ ಗೋಡೆಯಲ್ಲಿ ತೂತಾಗಿದ್ದರೆ ಇವರು ಮುಟ್ಟುವುದೇ ಇಲ್ಲ. ನಾನಿದ್ದಾಗಲೇ ಒಬ್ಬರು ಅಂಥ ಟೈರು ತಂದು ಹೆಚ್ಚು ದುಡ್ಡು ಕೊಡುತ್ತೇನೆಂದರೂ, “ಹೆದ್ದಾರಿಯಲ್ಲಿ ಸಿಡಿದರೆ ಯಾರು ಹೊಣೆ ಸ್ವಾಮಿ?” ಎಂದು ವಾಪಸ್ ಕಳಿಸಿದರು.

ಟೈರು ಬಿಚ್ಚುವ ಮುಂಚೆ ಸೀಮೆಸುಣ್ಣದಿಂದ ಟೈರಿನ ಮೇಲೊಂದು, ರಿಮ್ಮಿನ ಮೇಲೊಂದು ಗೆರೆ ಎಳೆದುಕೊಂಡರು. ಏಕೆಂದು ಕೇಳಿದೆ. “ನನ್ನ ಹತ್ತಿರ ಚಕ್ರದ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್ ಯಂತ್ರವಿಲ್ಲ. ಇದ್ದ ಜಾಗಕ್ಕೇ ಕೂರಿಸಿದರೆ ನಿಮಗೆ ಇನ್ನೊಂದು ಖರ್ಚು ಬರುವುದು ಬಹುಮಟ್ಟಿಗೆ ತಪ್ಪುತ್ತದೆ. ಓಡುವಾಗ ಕಾರು ನಡುಗಿದರೆ ಮಾತ್ರ ಮಾಡಿಸಿ.” ಒಳಗೆ ಉಜ್ಜಿ, ಸೊಲ್ಯೂಶನ್ ಹಚ್ಚಿ, ಊದದೆ, ಒರೆಸದೆ, ಅದು ತಾನಾಗಿ ಅಂಟಂಟಾಗುವವರೆಗೆ ಬಿಟ್ಟು ಆ ಹೊತ್ತಿನಲ್ಲಿ ಟೀ ತರಿಸಿದರು. ನನಗೂ ಒಂದು ಲೋಟ ಬಂತು. ಪ್ಯಾಚ್ ಕೂರಿಸಿದ ಮೇಲೆ ಸಣ್ಣ ಹಲ್ಲುಗಾಲಿಯಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋದದ್ದು, ಅಮ್ಮ ಹಬ್ಬದ ದಿನ ಒಬ್ಬಟ್ಟು ತಟ್ಟುವಾಗಿನಷ್ಟೇ ಸಮಾಧಾನದ ಕೆಲಸ.

ಹೊಸ ವಾಲ್ವಿಗೆ ಸೋಪಿನ ನೀರು ಸವರಿ ಎಳೆದು ಕೂರಿಸಿದರು, ಟೈರು ಏರಿಸಿದರು, ಗೆರೆಗೆ ಗೆರೆ ಕೂಡಿಸಿದರು. ಮತ್ತೆ ತೊಟ್ಟಿ, ಮತ್ತೆ ಹೆಬ್ಬೆರಳು. ಗುಳ್ಳೆ ಇಲ್ಲ. ಉಳಿದ ಮೂರನ್ನೂ ಬಾಗಿಸಿ ನೋಡಿದಾಗ ಎರಡರಲ್ಲಿ ಬಿರುಕು ಶುರುವಾಗಿತ್ತು, ಇನ್ನೂ ಒಳಗಿನವರೆಗೆ ಹೋಗಿರಲಿಲ್ಲ. ನಾಲ್ಕನ್ನೂ ಬದಲಾಯಿಸಿ ಎಂದೆ. ವಾಲ್ವು, ಕೂಲಿ ಸೇರಿ ಚಕ್ರಕ್ಕೆ 120 ರೂಪಾಯಿಯಂತೆ 480, ಪ್ಯಾಚಿಗೆ 250, ಒಟ್ಟು 730. ಪ್ಲಾಸ್ಟಿಕ್ ಮುಚ್ಚಳಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಹಿಡಿದ ಸಮಯ ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ.

ಹೊರಡುವಾಗ ಸ್ಟೆಪ್ನಿ ನೋಡಿದಿರಾ ಎಂದು ಕೇಳಿದರು. ನೋಡಿರಲಿಲ್ಲ. ಡಿಕ್ಕಿ ತೆರೆದು ಮಾಪಕ ಹಿಡಿದರೆ 11. ಆರು ವಾರ ನಾನು ಆ ದಾರಿಯಲ್ಲಿ ನಂಬಿಕೊಂಡು ಓಡಾಡಿದ್ದು ಅದನ್ನೇ.

ಇಷ್ಟವಾಗದ ಸಂಗತಿಗಳೂ ಇವೆ. ಕೂರಲು ಒಂದೇ ಸ್ಟೂಲು, ಅದೂ ಮಧ್ಯಾಹ್ನ ಹನ್ನೆರಡರ ನಂತರ ಬಿಸಿಲಿಗೆ ಬೀಳುತ್ತದೆ. ಬಿಲ್ಲು ಕೊಡುವುದಿಲ್ಲ. ಮೊಬೈಲಿನಲ್ಲಿ ದುಡ್ಡು ಕಳಿಸಬಹುದು, ಕಾರ್ಡ್ ನಡೆಯುವುದಿಲ್ಲ. ಅಲೈನ್‌ಮೆಂಟಿಗೆ ಬೇರೆ ಕಡೆಗೇ ಹೋಗಬೇಕು. ಒಂದು ಕಾರಿಗೆ ಕೈ ಹಾಕಿದರೆ ಅದು ಮುಗಿಯುವವರೆಗೆ ಇನ್ನೊಂದರ ಹತ್ತಿರ ಬರುವುದಿಲ್ಲ, ಹಾಗಾಗಿ ಆತುರವಿದ್ದವರು ಬೈದುಕೊಂಡು ಹೋಗುವುದನ್ನೂ ಕಂಡೆ. ನನ್ನ ಮಟ್ಟಿಗೆ ಅದು ದೋಷವಲ್ಲ, ಆದರೆ ಕಚೇರಿಗೆ ಹೋಗುವ ದಾರಿಯಲ್ಲಿ ನಿಲ್ಲಿಸಿ ನೋಡಿಸಿಕೊಳ್ಳುವ ಅಂಗಡಿ ಇದಲ್ಲ ಎಂಬುದು ತಿಳಿದಿರಲಿ.

ಅದಾಗಿ ಐದು ಶನಿವಾರ ಕಳೆದಿವೆ. ಅಳೆಯುವುದನ್ನು ಬಿಟ್ಟಿಲ್ಲ. ಮೊನ್ನೆ ಬೆಳಿಗ್ಗೆ ನಾಲ್ಕೂ ಚಕ್ರ 31.5, ಐದು ವಾರಕ್ಕೆ ಅರ್ಧ ಪಿಎಸ್‌ಐ ಇಳಿದಿದೆ, ನಾಲ್ಕರಲ್ಲೂ ಒಂದೇ ಸಮ. ಭಾನುವಾರ ರಾತ್ರಿ ಮನೆ ತಲುಪಿದಾಗ ನಾಲ್ಕೂ 34ರ ಮೇಲೆ. ಬರೆದಿಟ್ಟು ಅಪ್ಪನಿಗೆ ಫೋನ್ ಮಾಡಿದೆ.

ಅಂಗಡಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ತೆರೆದಿರುತ್ತದೆ, ಒಂದರಿಂದ ಎರಡು ಊಟದ ಹೊತ್ತು, ಸೋಮವಾರ ರಜೆ. ನಿಧಾನವಾಗಿ ಗಾಳಿ ಇಳಿಯುವ ಟೈರಾದರೆ ಬೆಳಿಗ್ಗೆ ಹೊತ್ತು ಹೋಗಿ. ತೊಟ್ಟಿಯ ನೀರು ಆಗ ಇನ್ನೂ ತಿಳಿಯಾಗಿರುತ್ತದೆ.